ಬಿಳಿ ಕುರ್ಚಿಗೆ ಅರಿಶಿಣ

ಏನೂ ಮಾಡಿಲ್ಲವೆಂದು ಕಾಣುವಂಥ ಒಂದು ವಸ್ತುವನ್ನು ಮಾಡಲು ಎಷ್ಟು ಒದ್ದಾಡಬೇಕೆಂಬುದು ಒದ್ದಾಡಿದವನಿಗೇ ಗೊತ್ತು. ನೋಡುವವರಿಗೆ ಮಾತ್ರ ಏನೂ ಮಾಡಿಲ್ಲವೆಂದೇ ಕಾಣುತ್ತದೆ. ನನ್ನ ಬದುಕಿನ ಗೋಳೇ ಇದು. ನಾನು ಧಾರವಾಡದ ಬಡಿಗೇರ ಮನೆಯವನು. ಅಪ್ಪ ಬಾಗಿಲ ಚೌಕಟ್ಟಿನಲ್ಲಿ ಗೇಣು ಜಾಗ ಖಾಲಿ ಕಂಡರೂ ಅಲ್ಲೊಂದು ಗಿಳಿ ಕೆತ್ತುತ್ತಿದ್ದ. ನಾನು ಲಂಡನ್ನಿಗೆ ಬಂದು ಮರಗೆಲಸದ ಶಾಲೆಯೊಂದರಲ್ಲಿ ಡೆನ್ಮಾರ್ಕಿನ ಮುದುಕ ಮೇಷ್ಟರೊಬ್ಬರ ಕೈಗೆ ಸಿಕ್ಕೆ. ಅವರು ಮೂರು ವರ್ಷದಲ್ಲಿ ನನ್ನ ತಲೆಯಿಂದ ಗಿಳಿಗಳನ್ನೆಲ್ಲ ಹಾರಿಸಿದರು. ಮರಕ್ಕೆ ಪಾಲಿಶ್ ಕೂಡ ಬೇಡ, ಸಾಬೂನಿನ ನೀರು ತಿಕ್ಕು, ಬೆಳ್ಳಗೆ ಉಳಿಯುತ್ತದೆ ಎಂದರು. ಲಂಡನ್ನಿನ ಅಂಚಿನ ಪಿನ್ನರಿನಲ್ಲಿರುವ ನಮ್ಮ ಮನೆಗೆ ಬರುವ ಮೈಸೂರಿನ ಡಾಕ್ಟರೊಬ್ಬರು ನನ್ನ ಕುರ್ಚಿಗಳನ್ನು ಕಂಡಾಗಲೆಲ್ಲ, "ಇದಕ್ಕೆ ಪಾಲಿಶ್ ಯಾವಾಗ ಹಾಕಿಸ್ತೀರಿ?" ಎಂದು ಕೇಳುತ್ತಾರೆ. ಕೊಂಕಲ್ಲ, ಪಾಪ, ನಿಜವಾಗಿಯೂ ಕಾಯುತ್ತಿದ್ದಾರೆ.

ತೊಂಬತ್ತರ ದಶಕದ ಕೊನೆಯ ಮಾತು. ಹೊಟ್ಟೆಪಾಡಿಗೆ ಹೌನ್ಸ್ಲೋದಲ್ಲಿ ಆಫೀಸು ಪಾರ್ಟಿಷನ್ನುಗಳ ನಕ್ಷೆ ಬರೆಯುತ್ತಿದ್ದೆ. ಎಂಟು ತಿಂಗಳ ಶನಿವಾರ, ಭಾನುವಾರಗಳನ್ನೆಲ್ಲ ಹಿತ್ತಲಿನ ಶೆಡ್ಡಿಗೆ ಸುರಿದು ಒಂದು ಕುರ್ಚಿ ಮಾಡಿದೆ. ಪೇಟೆಯ ಒಂದು ಪೀಠೋಪಕರಣದ ಅಂಗಡಿಯ ಮಾಲಕಿ ಅದನ್ನು ನೋಡಲು ಬರುವವಳಿದ್ದಳು. ಅವಳು ಒಪ್ಪಿದರೆ ಪಾರ್ಟಿಷನ್ನಿನಿಂದ ನನಗೆ ಮುಕ್ತಿ. ಅವಳು ಬರುವ ಹಿಂದಿನ ದಿನವೇ ಆಯುಧಪೂಜೆ. ಆರು ತಿಂಗಳ ವೀಸಾದ ಮೇಲೆ ಊರಿನಿಂದ ಬಂದಿದ್ದ ಅವ್ವ, ನಾನು ಕೆಲಸಕ್ಕೆ ಹೋದಾಗ ಶೆಡ್ಡಿಗೆ ಹೊಕ್ಕು ಉಳಿ, ಗರಗಸಗಳಿಗೆ ಪೂಜೆ ಮಾಡಿ, ಉಳಿದ ಅರಿಶಿಣವನ್ನು ಕುರ್ಚಿಯ ಬೆನ್ನಿಗೆ ಐದು ಬೆರಳಿನಿಂದ ಎಳೆದಿದ್ದಳು.

"ಬೋಳ ಬೋಳ ಕಾಣಾಕತ್ತಿತ್ತಪಾ, ಅದಕ್ಕ ಹಚ್ಚಿದೆ" ಎಂದಳು.

ಮಾಲಕಿ ಬರುವುದು ಮರುದಿನವೇ. ಮೇಷ್ಟರು ಕಲಿಸಿದ್ದು ಒಂದೇ ಮದ್ದು, ಸಾಬೂನು. ತಿಕ್ಕಿದೆ. ಹಳದಿ ಹೋಗಿ ರಕ್ತಗೆಂಪಾಯಿತು. ಇನ್ನಷ್ಟು ತಿಕ್ಕಿದೆ, ಇನ್ನಷ್ಟು ಕೆಂಪಾಯಿತು. "ಅರಿಶಿಣಕ್ಕ ಸಾಬೂನು ಬಿದ್ರ ಕೆಂಪಾಗ್ತದ ಅಂತ ಅರಿವಿ ಒಗಿಯೋ ಹೆಣ್ಮಕ್ಕಳನ್ನ ಕೇಳಿದ್ರ ಹೇಳ್ತಿದ್ರು. ನಿಮ್ಮ ಸಾಲ್ಯಾಗ ಇದನ್ನ ಕಲಿಸಲಿಲ್ಲೇನು?" ಎಂದಳು ಅವ್ವ. ಕಲಿಸಿರಲಿಲ್ಲ. ನಾನು ಶೆಡ್ಡಿನ ನೆಲದ ಮೇಲೆ ಕೂತು ಅತ್ತೆ, ಮುಚ್ಚಿಡುವುದೇನಿದೆ.

ಮಾಲಕಿ ಬಂದಳು, ಸುತ್ತು ಹಾಕಿದಳು, ಬೆನ್ನಿನ ಮುಂದೆ ನಿಂತೇಬಿಟ್ಟಳು. ಬಿಳಿ ಕುರ್ಚಿಗಳು ಡೆನ್ಮಾರ್ಕಿನಿಂದಲೇ ಬೇಕಾದಷ್ಟು ಬರುತ್ತವೆ, ಆದರೆ ಈ ಐದು ಗೆರೆ ಬೇರೆಲ್ಲೂ ಇಲ್ಲ, ಇದು ಆರ್ಟ್, ಇಂಥವು ಇನ್ನೂ ಆರು ಬೇಕು ಎಂದಳು. ಉಳಿದವಕ್ಕೂ ಗೆರೆ ಎಳೆದುಕೊಡೆಂದು ನಾನು ಅವ್ವನ ಕಾಲಿಗೆ ಬೀಳುವುದೊಂದು ಬಾಕಿ. ಅವ್ವ ಒಪ್ಪಲಿಲ್ಲ. "ಪೂಜಿ ಮಾಡೂದು ವರ್ಷಕ್ಕ ಒಮ್ಮೆ. ಮುಂದಿನ ವರ್ಷ ಬಾ ಅಂತ ಹೇಳು ಆಕಿಗೆ" ಎಂದವಳು, ವೀಸಾ ಮುಗಿದು ಊರಿಗೆ ಹೋದಳು.

ಕೊನೆಗೆ ಎರಡನೆಯ ಕುರ್ಚಿಗೆ ನಾನೇ ಅರಿಶಿಣ ಕಲಸಿ, ಐದೂ ಬೆರಳಿನಿಂದ ಎಳೆದು, ಸಾಬೂನು ತಿಕ್ಕಿದೆ. ಮಾಲಕಿ ಬಗ್ಗಿ ನೋಡಿ, ಬಹಳ ಮರ್ಯಾದೆಯಿಂದ, ಇದು ಸ್ಟೇನ್ ಎಂದಳು. ಅವ್ವನದು ಆರ್ಟ್, ನನ್ನದು ಸ್ಟೇನ್. ಕನ್ನಡದಲ್ಲಾದರೆ ಎರಡಕ್ಕೂ ಕಲೆ ಎಂದೇ ಹೆಸರು, ನನ್ನ ಮಾನ ಹೇಗೋ ಉಳಿಯುತ್ತಿತ್ತು. ಆ ಪುಣ್ಯಾತ್ಗಿತ್ತಿಗೆ ಕನ್ನಡ ಬರುತ್ತಿರಲಿಲ್ಲ.