ಬೆರಳಿನ ಮುಯ್ಯಿ

ಯಲ್ಲೇಶ ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದಾಗಲೇ ಅವನ ಬೆನ್ನ ಮೇಲೆ ಪಕ್ಕದ ಮನೆಯ ಭೀಮವ್ವನ ಕೈ ಬಿತ್ತು. ಆಕೆಯ ದನಿ ಗಿರಣಿಯ ಗದ್ದಲಕ್ಕಿಂತ ಒಂದು ಗೇಣು ಮೇಲೆ.

"ತಮ್ಮಾ, ನಿನ್ನ ಆಟದ ಪಟ್ಟಿ ಒತ್ತಿ ಒತ್ತಿ ಹೆಬ್ಬಟ್ಟು ಬಾತದ ನೋಡು. ನನ್ನ ಮುಯ್ಯಿ ತೀರ್ತು ಅಂತ ನಿಮ್ಮವ್ವಗ ಹೇಳು."

ಡಬ್ಬಿ ಜಾರಿತು. ಅರ್ಧ ಜೋಳ ಗಿರಣಿಗೆ ಹೋಯಿತು, ಅರ್ಧ ಭೀಮವ್ವನ ಪಾದಕ್ಕೆ.

ಯಲ್ಲೇಶ ಹೊಸಪೇಟೆಯ ಹೊರಗೆ ಅದಿರು ಲಾರಿ ತೂಗುವ ಕಾಟಾದಲ್ಲಿ ಕಂಪ್ಯೂಟರಿನ ಮುಂದೆ ಕೂರುವವ. ಕೆಂಪು ಧೂಳು ತಿಂದು ಸಾಕಾಗಿ, ಬಿಡುವಾದಾಗೆಲ್ಲ ತಿಣುಕಿ ಮೊಬೈಲಿಗೊಂದು ಆಟ ಕಟ್ಟಿದ್ದ. ಸಂಡೂರಿನ ಗುಡ್ಡದಿಂದ ಲಾರಿ ಇಳಿಸಬೇಕು, ಗುಂಡಿಗೆ ಬೀಳಬಾರದು. ಆಟ ಪುಕ್ಕಟೆ. ಅದರ ಕೆಳಗೆ ಸಣ್ಣ ಪಟ್ಟಿಯಲ್ಲಿ ಜಾಹೀರಾತು ಬರುತ್ತಿತ್ತು. ಅದನ್ನು ತಂದು ಹಾಕುವುದು ದೂರದ ಒಂದು ಕಂಪನಿ. ಆಡುವವರು ಮನಸ್ಸಾಗಿ ಅದನ್ನು ಒತ್ತಿದರೆ ಆಟ ಕಟ್ಟಿದವನಿಗೂ ಒಂದು ಪಾಲು. ಆದರೆ ತಾನೂ ಒತ್ತಬಾರದು, ತನ್ನವರೂ ಒತ್ತಬಾರದು. ಒತ್ತಿದ್ದು ಗೊತ್ತಾದರೆ ಖಾತೆ ಬಂದ್, ಹೆಸರು ಕಳ್ಳರ ಸಾಲಿಗೆ. ಆಮೇಲೆ ಎಂಥ ಆಟ ಕಟ್ಟಿದರೂ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹಿಂದಿನ ತಿಂಗಳೇ ಕಂಪನಿ ಕೇಳಿತ್ತು: ಒಂದೇ ಊರಿನಿಂದ ಹುಚ್ಚೆದ್ದಂತೆ ಒತ್ತುತ್ತಿದ್ದಾರಲ್ಲ, ಯಾರಿವರು? ಸಹಿ ಮಾಡಿದ ಪತ್ರ ಕಳಿಸು. ಯಾರೆಂದು ಯಲ್ಲೇಶನಿಗೇ ಗೊತ್ತಿರಲಿಲ್ಲ. ಹೆದರಿಕೊಂಡು ನಾಳೆ, ನಾಡಿದ್ದು ಎಂದು ತಳ್ಳುತ್ತ ಬಂದಿದ್ದ. ಇವತ್ತು ಕಡೇ ದಿನ.

ಈಗ ತಿಳಿಯಿತು. ಒತ್ತುತ್ತಿದ್ದದ್ದು ಅವನದೇ ಓಣಿ. ಯಾರ ಮನೆ ಮದುವೆಯಾದರೂ ರೊಟ್ಟಿ ಬಡಿಯಲು ಮೊದಲು ಹೋಗುವಾಕೆ ಅವನವ್ವ ಎರ್ರಮ್ಮ. ಪಟ್ಟಿ ಒತ್ತಿದರೆ ಮಗನಿಗೆ ಒಳ್ಳೆಯದಾಗುತ್ತದೆಂದು ನಳದ ಹತ್ತಿರ ಆಕೆ ಬಾಯಿಬಿಟ್ಟದ್ದೇ ತಡ, ಓಣಿಯ ಚೀನಾ ಮೊಬೈಲುಗಳೆಲ್ಲ ಮುಯ್ಯಿ ತೀರಿಸಲು ನಿಂತಿದ್ದವು.

ಇನ್ನು ಒತ್ತಬ್ಯಾಡ್ರಿ ಎಂದು ಯಲ್ಲೇಶ ಕೈಮುಗಿದ. ಭೀಮವ್ವನ ಮುಖ ಹಳಸಿದ ಸಾರಿನಂತಾಯಿತು. ಎದುರುಮನೆ ಬಸಕ್ಕನ ಮುಯ್ಯಿ ಆಗ್ತದ, ನಂದು ಆಗಂಗಿಲ್ಲೇನು ಎಂದು ಅಲ್ಲೇ ನಿಂತು ಮತ್ತಷ್ಟು ಒತ್ತಿದಳು.

ಬಸಕ್ಕನ ಮನೆಗೆ ಓಡಿದ. ಆಕೆ ನಕ್ಕುಬಿಟ್ಟಳು.

"ಮುಯ್ಯಿ ಬ್ಯಾಡ ಅನ್ನೋದೂ ಪದ್ಧತಿ, ಬಿಡದಂಗ ಕೊಡೋದೂ ಪದ್ಧತಿ. ನೀ ಬ್ಯಾಡಂದಿ, ನಾ ಒತ್ತತೀನಿ, ಮುಗೀತು. ನಡಿ."

ಸಂಡೂರು ರಸ್ತೆಯ ಮೂಕಣ್ಣನ ಚಹಾದಂಗಡಿಯಲ್ಲಿ ಇನ್ನೂ ಕೇಡು. ಮೂಕಣ್ಣ ಓಣಿಯ ಹಿರಿಯ. ಎದುರಿಗೆ ಸರಪಳಿಯಂತೆ ನಿಂತ ಲಾರಿಗಳ ಡ್ರೈವರುಗಳಿಗೆಲ್ಲ, ಚಹಾ ಕುಡಿದವರು ಒಂದು ಸಲ ಒತ್ತಿಯೇ ಹೋಗಬೇಕೆಂದು ಕಟ್ಟುಮಾಡಿದ್ದ. ಯಲ್ಲೇಶ ಅವನನ್ನು ಪಕ್ಕಕ್ಕೆ ಎಳೆದ. ನೀವೆಲ್ಲ ನನ್ನವರೆಂದು ಗೊತ್ತಾದರೆ ಸಿಕ್ಕಿಬೀಳ್ತೀನಿ ಎಂದು ಮೂಕಣ್ಣನ ಕಿವಿಯಲ್ಲಿ ಹೇಳಿದ. ಮೂಕಣ್ಣನ ಕಿವಿಗೆ ಬಿದ್ದದ್ದು ಊರಿಗೆ ಬಿದ್ದಂತೆ. ಯಲ್ಲೇಶ ದಾರಿಯಲ್ಲಿ ಕಂಡ ಜೀಪಿಗೆಲ್ಲ ಪೊಲೀಸರೆಂದು ಬೆಚ್ಚುತ್ತ, ಪತ್ರ ಕಳಿಸಲು ಸ್ನೇಹಾಳ ಇಂಟರ್‌ನೆಟ್ ಅಂಗಡಿ ಮುಟ್ಟುವಷ್ಟರಲ್ಲಿ ಓಣಿಯೇ ಅಲ್ಲಿ ನೆರೆದಿತ್ತು. ಅವನನ್ನು ಜೈಲಿಗೆ ಒಯ್ಯುತ್ತಾರೆಂದು ಭೀಮವ್ವ ಆಗಲೇ ಅಳುತ್ತಿದ್ದಳು.

ಅವರ ಮುಂದೆಯೇ ಯಲ್ಲೇಶ ಪತ್ರ ಬರೆದ: ಒತ್ತಿದವರು ಯಾರೋ ಗೊತ್ತಿಲ್ಲ, ನನಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಸ್ನೇಹಾ ಅದನ್ನು ಓದಿ ಹೇಳಿದಾಗ ಎಲ್ಲರೂ ಎರ್ರಮ್ಮನ ಕಡೆ ತಿರುಗಿದರು.

"ಹಂಗ ಬರದ್ರ ಉಳೀತೀಯೇನಪ್ಪಾ?" ಎರ್ರಮ್ಮ ಕೇಳಿದಳು.

"ಹೂನವ್ವ."

"ಹಂಗಾರ ಬರಿ. ನಮ್ದೇನು ಹೋಗ್ತದ."

ಯಲ್ಲೇಶ ತಲೆಯೆತ್ತದೆ ಸಹಿ ಹಾಕಿದ. ಕರೆಂಟು ಹೋಯಿತು. ಕಾಟಾದಿಂದ ಫೋನು ಬಂತು, ಲಾರಿ ನಿಂತಾವ, ಜಲ್ದಿ ಬಾ ಎಂದು. ಕರೆಂಟು ಬಂದ ಕೂಡಲೇ ಇಂಗ್ಲಿಷಿಗೆ ಮಾಡಿ ಕಳಿಸೆಂದು ಸ್ನೇಹಾಳಿಗೆ ಹೇಳಿ ಓಡಿದ.

ಲಾರಿ ತೂಗಿದನೋ ತನ್ನ ಜೀವ ತೂಗಿದನೋ, ಸಂಜೆಗೆ ತಿರುಗಿ ಬಂದ. ಕರೆಂಟು ಬಂದು ಅರ್ಧ ತಾಸಾಗಿತ್ತು. ಅಂಗಡಿಯಲ್ಲಿ ಎಲ್ಲರ ಮುಖದಲ್ಲೂ ಲಗ್ನ ಗೊತ್ತಾದ ಕಳೆ.

"ನೀ ಒಬ್ಬನ ಬರದ್ರ ಯಾರು ನಂಬ್ತಾರಲೇ?" ಎಂದ ಮೂಕಣ್ಣ. "ನಾವೂ ಒಂದು ಬರದು ಕೊಟ್ಟೀವಿ. ತಾಲ್ಲೂಕಾಫೀಸಿಗೆ ಎಷ್ಟು ಅರ್ಜಿ ಹಾಕೀನಿ ನಾನು. ಸಹಿ ಅಂದ ಮ್ಯಾಲ ಮುಂದ ಯಾರು, ಏನು ಅಂತ ಗುರ್ತು ಇರಬೇಕು. ಇಲ್ಲಂದ್ರ ತಿರುಗಿ ಒಗೀತಾರ."

ಹೇಳಿದ್ದನ್ನು ಹೇಳಿದಂತೆ ಸ್ನೇಹಾ ಇಂಗ್ಲಿಷಿಗೆ ಇಳಿಸಿ, ಸಹಿ ಹಾಕಿಸಿ ಸ್ಕ್ಯಾನ್ ಮಾಡಿದ್ದಳು. ಯಲ್ಲೇಶ ಪರದೆಯ ಹತ್ತಿರ ಬಗ್ಗಿದ. ಕೆಳಗೆ ಸಹಿ ಮಾಡಿದ ನಾವ್ಯಾರೂ ಯಲ್ಲೇಶ ಎಂಬಾತನನ್ನು ಈವರೆಗೆ ಕಂಡೇ ಇಲ್ಲವೆಂದು ದೇವರ ಸಾಕ್ಷಿಯಾಗಿ ಹೇಳುತ್ತೇವೆ. ಭೀಮವ್ವ, ಯಲ್ಲೇಶನ ಪಕ್ಕದ ಮನೆ. ಬಸಕ್ಕ, ಯಲ್ಲೇಶನ ಎದುರುಮನೆ. ಮೂಕಣ್ಣ, ಯಲ್ಲೇಶನಿಗೆ ದಿನಾ ಚಹಾ ಕೊಡುವಾತ. ಹೀಗೇ ಓಣಿಯ ಕೊನೆಯವರೆಗೆ.

ಎಲ್ಲಕ್ಕಿಂತ ಕೆಳಗೆ ಒಂದು ನೀಲಿ ಹೆಬ್ಬಟ್ಟು. ಪಕ್ಕದಲ್ಲಿ: ಎರ್ರಮ್ಮ, ಯಲ್ಲೇಶನ ಹೆತ್ತತಾಯಿ.

"ತಡಿ ತಂಗಿ," ಎಂದು ಯಲ್ಲೇಶ ಕೈಚಾಚಿದ.

ಸ್ನೇಹಾ ಗುಂಡಿ ಒತ್ತಿಯಾಗಿತ್ತು. ತಿಂಗಳಿಂದ ತಡೆದ ಪತ್ರ ಹೊರಟುಹೋಯಿತು.