ಅಪೀಲು ಮುಗಿಯುವ ತನಕ ಕನ್ನಡಕ ಇಲ್ಲ

ಒಂಬತ್ತನೇ ಸಲವೂ ದಾರ ಸೂಜಿಯ ಪಕ್ಕದಿಂದಲೇ ಹೋಯಿತು. ಮಂಕಿ ಊರಿನ ದರ್ಜಿ ಬೀರಪ್ಪ ದಾರದ ತುದಿಯನ್ನು ಮತ್ತೆ ನಾಲಿಗೆಗೆ ತಾಗಿಸಿ ಉಸಿರು ಬಿಗಿಹಿಡಿದ. ಎದುರಿನ ಸ್ಟೂಲಿನ ಮೇಲೆ ಹೊನ್ನಮ್ಮ ಮಗಳ ರವಿಕೆ ಹಿಡಿದು ಕೂತಿದ್ದಳು.

"ಬೀರಪ್ಪಣ್ಣ, ನಮ್ಮ ಅಂಕಿತಾಗೆ ದೇವರು ಎರಡು ಎಡಗೈ ಕೊಡ್ಲಿಲ್ಲ. ನೀ ಎಂತಕ್ಕೆ ಎರಡೂ ಎಡತೋಳು ಇಟ್ಟದ್ದು? ನಾಲ್ಕು ಗಂಟೆಗೆ ಗಂಡಿನ ಕಡೆಯವರು ಬರ್ತಾರೆ. ಕೋರ್ಟಿನ ವಿಷಯ ಅಂತ ನಾ ಬಾಯಿ ಬಿಡೂದಿಲ್ಲ. ತೋಳೊಂದು ಸರಿ ಮಾಡಿಕೊಡು."

"ಆತು ಹೊನ್ನಕ್ಕ, ಮೂರರೊಳಗೆ ಕೊಡ್ತೆ."

ಕೋರ್ಟಿನ ವಿಷಯವೆಂದರೆ ಇದು. ನಾಲ್ಕು ವರ್ಷದ ಹಿಂದೆ ಒಂದು ಮುಸ್ಸಂಜೆ, ಬೀರಪ್ಪನ ಅಂಗಡಿಯ ಎದುರು ರಸ್ತೆಯಾಚೆ, ಜಗಳವೊಂದರಲ್ಲಿ ಮೀನು ಮಾರುವ ಸಣ್ಣಿಯ ಗಂಡನನ್ನು ಒಬ್ಬ ಚೂರಿ ಹಾಕಿ ಕೊಂದಿದ್ದ. ಕಣ್ಣಾರೆ ಕಂಡವನು ಬೀರಪ್ಪ ಒಬ್ಬನೇ. ಕಾರವಾರದ ಕೋರ್ಟಿನಲ್ಲಿ, ಕೊಂದವನನ್ನು ಗುರುತಿಸಿ, ಅವನ ಅಂಗಿಗೆ ಹತ್ತು ವರ್ಷ ತಾನೇ ಅಳತೆ ತೆಗೆದಿದ್ದಾಗಿ ಹೇಳಿದ. "ಕನ್ನಡಕ ಉಂಟಾ?" ಎಂದು ಎದುರು ವಕೀಲರು ಕೇಳಿದ್ದಕ್ಕೆ, "ಇಲ್ಲ ಸ್ವಾಮಿ, ಸೂಜಿಗೆ ದಾರ ನಾನೇ ಪೋಣಿಸ್ತೆ" ಎಂದು ಎದೆಯುಬ್ಬಿಸಿದ್ದ. ಜೀವಾವಧಿ ಶಿಕ್ಷೆಯಾಯಿತು. ಕೊಂದವನು ಹೈಕೋರ್ಟಿಗೆ ಅಪೀಲು ಹಾಕಿದ. ಅದೇ ವರ್ಷ ದಾರ ಬೀರಪ್ಪನ ಮಾತು ಕೇಳುವುದನ್ನು ಬಿಟ್ಟಿತು.

ಚಾ ಅಂಗಡಿಯ ಗಣೇಶ ಗದ್ದೆಯ ತಕರಾರಿಗೆ ಹನ್ನೊಂದು ವರ್ಷ ಹೊನ್ನಾವರದ ಕೋರ್ಟಿಗೆ ಅಲೆದು ಅರ್ಧ ವಕೀಲನಾದವನು. ಅವನು ಅಂದೇ ಹೇಳಿದ್ದ: "ಅಪೀಲು ಮುಗಿಯೂ ತನಕ ಕನ್ನಡಕ ಹಾಕೂಕೆ ಆಗೂದಿಲ್ಲ. ಸಾಕ್ಷಿಗೆ ಕಣ್ಣು ಕಾಣೂದಿಲ್ಲ ಅಂತ ಗೊತ್ತಾದ್ರೆ ಕೊಂದವ ಹೊರಗೆ!"

ಊರು ಒಪ್ಪಿತು. ಮೂರು ವರ್ಷ ಮಂಕಿಯವರು ನ್ಯಾಯಕ್ಕೋಸ್ಕರ ಬೆನ್ನಿಗೆ ಜೇಬು ಬಂದ ಅಂಗಿ ತೊಟ್ಟು ಓಡಾಡಿದರು. ಸಣ್ಣಿ ಮಾತ್ರ ದಿನಾ ಬುಟ್ಟಿ ಇಳಿಸಿ, "ಎಲ್ಲ ನಿನ್ನ ಕಣ್ಣಿನ ಮೇಲೆ ನಿಂತದೆ ಅಣ್ಣ" ಎಂದು ಹೋಗುವಳು. ಆಮೇಲೆ ಬೀರಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಇವತ್ತು ಬೇರೆ ಗತಿಯಿರಲಿಲ್ಲ. ಹೊನ್ನಮ್ಮ ಹೊರಟದ್ದೇ ಬಾಗಿಲು ಅರ್ಧ ಎಳೆದು, ಕುಮಟೆಯಲ್ಲಿ ಗುಟ್ಟಾಗಿ ಕೊಂಡು ಗುಂಡಿ ಡಬ್ಬಿಯ ತಳದಲ್ಲಿ ಅಡಗಿಸಿದ್ದ ಕನ್ನಡಕ ಏರಿಸಿದ. ಸೂಜಿಯ ಕಣ್ಣು ಊರ ಬಾವಿಯಷ್ಟು ಅಗಲವಾಯಿತು. ದಾರ ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ನೆಟ್ಟಗೆ ಒಳಗೆ ಹೋಯಿತು.

"ಅಯ್ಯಯ್ಯೋ, ಕನ್ನಡಕ!"

ರವಿಕೆಗೆ ಹಾಕುವ ಕೊಕ್ಕೆ ಕೊಡಲು ಮರೆತಿದ್ದ ಹೊನ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಪಕ್ಕದಲ್ಲಿ ರಿಕ್ಷಾ ಓಡಿಸುವ ದಾಸ. ಬೀರಪ್ಪ ಕನ್ನಡಕವನ್ನು ಅಂಗಿಯೊಳಗೆ ತುರುಕಿದ. ಐದೇ ನಿಮಿಷದಲ್ಲಿ ಗಣೇಶ ಚಾ ಸೌಟಿನ ಸಮೇತ ಬಂದು ವಿಚಾರಣೆ ಶುರು ಮಾಡಿದ.

"ಹೊನ್ನಕ್ಕ, ಎಂತ ಕಂಡೆ?"

"ಕರಿ ಕನ್ನಡಕ. ದಪ್ಪ ಕಟ್ಟು."

"ನೀ ಎಂತ ಕಂಡೆ ದಾಸ?"

"ಕರಿ ಎಲ್ಲಿತ್ತು? ಚಿನ್ನದ ಬಣ್ಣದ ತಂತಿ. ಫಳಫಳ ಹೊಳೀತಿತ್ತು."

"ಹೊಳೆದದ್ದು ನನ್ನ ಮೂಗುಬೊಟ್ಟು ಮಾರಾಯ!" ಎಂದಳು ಹೊನ್ನಮ್ಮ.

ಗಣೇಶ ಸೌಟು ಎತ್ತಿದ. "ಸಾಕ್ಷಿಗಳ ಮಾತಿಗೆ ತಾಳೆ ಇಲ್ಲ. ಸಂಶಯದ ಲಾಭ ಬೀರಪ್ಪಂಗೆ. ಬಿಡುಗಡೆ!"

ಬೀರಪ್ಪನಿಗೆ ಖುಷಿಯ ಬದಲು ಬೆವರು ಬಂತು. ಹಾಡಹಗಲು, ಎರಡು ಮಾರು ದೂರದಲ್ಲಿ ಇಬ್ಬರು ಕಂಡದ್ದೇ ಹೀಗಾದರೆ, ಮುಸ್ಸಂಜೆಯಲ್ಲಿ ರಸ್ತೆಯಾಚೆ ತಾನು ಕಂಡದ್ದು? ಕೊಂದವನ ಅಂಗಿ ನೀಲಿ ಎಂದು ಪೊಲೀಸರಿಗೆ ಹೇಳಿ ಕೋರ್ಟಿನಲ್ಲಿ ಹಸಿರು ಎಂದಿದ್ದ. ಆದರೆ ಒಂದಿಂಚು ಇಳಿದಿದ್ದ ಆ ಬಲ ಭುಜವನ್ನು ಯಾವ ದರ್ಜಿ ಮರೆತಾನು?

ಗದ್ದಲ ಕೇಳಿ ಬಂದ ಸಣ್ಣಿ ಬುಟ್ಟಿ ಇಳಿಸಿದಳು. "ಬೇರೆಯವ್ರದ್ದು ಬೇಡ ಅಣ್ಣ. ನೀನೇ ಹೇಳು. ಹಾಕಿದ್ಯಾ?"

ಅವಳಿಗೆ ಸುಳ್ಳು ಹೇಳುವುದು ಅವನಿಂದಾಗಲಿಲ್ಲ. ಕನ್ನಡಕ ಹೊರಗೆ ತೆಗೆದ. ಕಂದು ಬಣ್ಣದ್ದು. "ತಪ್ಪಾತು ಸಣ್ಣಿ..."

ಅಷ್ಟರಲ್ಲಿ ಬೈಕೊಂದು ನಿಂತಿತು. ಇಳಿದವನು ಸಣ್ಣಿಯ ವಕೀಲರ ಗುಮಾಸ್ತ ಪ್ರಕಾಶ. "ಸಣ್ಣಕ್ಕ, ಹೈಕೋರ್ಟಿನ ತೀರ್ಪು ಬಂತು. ಶಿಕ್ಷೆ ಕಾಯಂ!"

ಸಣ್ಣಿ ಬುಟ್ಟಿಯ ಪಕ್ಕದಲ್ಲೇ ಕುಸಿದು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

"ನಾ ಅಂಗಿ ನೀಲಿ, ಹಸಿರು ಅಂದದ್ದು?" ಬೀರಪ್ಪ ತೊದಲಿದ.

"ಅಂಥ ಸಣ್ಣ ವ್ಯತ್ಯಾಸ ನಿಜ ಹೇಳುವವ್ರಿಗೂ ಬರ್ತದೆ ಅಂತ ಬರೆದಿದ್ದಾರೆ. ಅಳತೆ ತೆಗೆದ ದರ್ಜಿ ಆಳನ್ನು ತಪ್ಪೂದಿಲ್ಲ ಅಂತಲೂ ಬರೆದಿದ್ದಾರೆ."

"ಮತ್ತೆ ನನ್ನ ಕಣ್ಣು?"

"ಅಪೀಲಿನಲ್ಲಿ ನಿಮ್ಮ ಕಣ್ಣು ಯಾರು ನೋಡ್ತಾರೆ ಮಾರಾಯ್ರೆ? ಅಂದು ಹೇಳಿದ್ದರ ಕಾಗದ ಓದೂದು ಅಷ್ಟೇ. ಕನ್ನಡಕ ಯಾವಾಗ್ಲೋ ಹಾಕ್ಬಹುದಿತ್ತು!"

ಎಲ್ಲರೂ ಗಣೇಶನನ್ನು ನೋಡಿದರು. ಗಣೇಶ ಸೌಟನ್ನು ನೋಡಿದ. "ಹಾಲು ಉಕ್ಕಿತೇನೋ" ಎನ್ನುತ್ತ ಹೊರಟುಹೋದ.

ಮೂರು ವರ್ಷದ ಹೊರೆ ಇಳಿದ ಬೀರಪ್ಪ ಕನ್ನಡಕ ಹಾಕಿಯೇ ಹೊಲಿದು ಮೂರಕ್ಕೆ ಸರಿಯಾಗಿ ರವಿಕೆ ಕೊಟ್ಟ. ಹೊನ್ನಮ್ಮ ತಿರುಗಿಸಿ ನೋಡಿ, "ಈಗ ಸರಿ ಆತು" ಎಂದಳು. ಆದರೆ ಹೋಗಲಿಲ್ಲ. ಕಂಕುಳಿನ ಗಂಟನ್ನು ಮೇಜಿನ ಮೇಲಿಟ್ಟಳು.

"ಇದರಲ್ಲಿ ಹದಿನಾಲ್ಕು ರವಿಕೆ ಉಂಟು. ಅಪೀಲು ಮುಗೀಲಿ ಅಂತ ಇಟ್ಟದ್ದು."

ಅವಳ ಹಿಂದೆ ಬೆನ್ನಿಗೆ ಜೇಬಿದ್ದ ಖಾಕಿ ಅಂಗಿ ಹಿಡಿದ ದಾಸ. ದಾಸನ ಹಿಂದೆ ಮೋಟು ಪ್ಯಾಂಟು ಹಿಡಿದ ಗಣೇಶ. ಸಾಲು ಬಸ್ ನಿಲ್ದಾಣ ದಾಟಿತ್ತು. ಕಣ್ಣೊರೆಸಿಕೊಂಡ ಸಣ್ಣಿ, "ನಂದೂ ಎರಡುಂಟು ಅಣ್ಣ, ಅವಸರ ಇಲ್ಲ" ಎಂದಳು.

"ಇಷ್ಟೂ ನಾನೇ ಹೊಲಿದದ್ದಾ?" ಬೀರಪ್ಪ ಕ್ಷೀಣವಾಗಿ ಕೇಳಿದ.

"ಹೌದು! ನಾವು ಕಣ್ಣಾರೆ ಕಂಡದ್ದು!" ಇಡೀ ಸಾಲು ಒಟ್ಟಿಗೇ ಕೂಗಿತು.

ಈ ಸಲ ಸಾಕ್ಷಿಗಳ ಮಾತಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಗಣೇಶ ಮುಂದೆ ನುಗ್ಗಿ ತನ್ನ ಪ್ಯಾಂಟನ್ನು ಗಂಟಿನ ಮೇಲಿಟ್ಟ. "ಇದಕ್ಕೆ ಅಪೀಲಿಲ್ಲ ಬೀರಪ್ಪ."