ತಾಂಡ್ಯದ ಧೂಳಿಲ್ಲದ ಕೋಣೆ

ನಗುವಂಥದ್ದೇನೂ ನಮ್ಮ ಕೆಲಸದಲ್ಲಿಲ್ಲ. ಆದರೂ ತಿಂಗಳಿಗೊಂದು ಸಲ ಏನಾದರೊಂದು ಆಗಿಯೇ ಆಗುತ್ತೆ, ಆಗುವ ಹೊತ್ತಿಗೆ ಸರಿಯಾಗಿ ಅಲ್ಲಿ ನಾನೇ ಇರುತ್ತೇನೆ.

ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಲ್ಯಾಬ್ ಸಹಾಯಕನಾಗಿ ಗಾಜಿನ ಲೋಟ ತೊಳೆದವನು ನಾನು. ಸೆಮಿಕಂಡಕ್ಟರ್ ಚಿಪ್ಪುಗಳು ನಮ್ಮ ದೇಶದಲ್ಲೇ ತಯಾರಾಗಬೇಕು ಅಂತ ಸರ್ಕಾರ ಮನಸ್ಸು ಮಾಡಿದಾಗ, ತಾಂಡ್ಯದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ ಒಂದು ಸಂಶೋಧನಾ ಲ್ಯಾಬ್ ಮಂಜೂರಾಯಿತು. ನನ್ನನ್ನು ಅಲ್ಲಿಗೆ ನಿಯೋಜನೆ ಮಾಡಿದರು. ಸೋಸಲೆಯಲ್ಲಿ ಮನೆ, ದಿನಾ ಎರಡು ಬಸ್ಸು. ಲ್ಯಾಬಿನ ಮುಖ್ಯಸ್ಥೆ ಒಬ್ಬರು ಮೇಡಂ. ಇದಕ್ಕಾಗಿ ದೆಹಲಿಗೆ ಆರು ವರ್ಷ ಪತ್ರ ಬರೆದೂ ಬರೆದೂ ಅವರ ಕನ್ನಡಕದ ನಂಬರು ಎರಡು ಸಲ ಬದಲಾಗಿತ್ತು.

೧. ಒಂದು ಗಂಟೆ ಅಲ್ಲಾಡದ ನೆಲ

ಚಿಪ್ಪು ನೋಡುವ ಮೈಕ್ರೋಸ್ಕೋಪಿಗೆ ಕೆಳಗಿನ ನೆಲ ಕೂದಲೆಳೆಯಷ್ಟೂ ಅದುರಬಾರದು. ಹಾಗಾಗಿ ಕಟ್ಟಡ ಶುರುವಾಗುವ ಮೊದಲೇ ದೆಹಲಿಯಿಂದ ವಿಜ್ಞಾನಿಯೊಬ್ಬರು ಬಂದು, ಖಾಲಿ ಜಾಗದಲ್ಲಿ ಕಂಪನ ಅಳೆಯುವ ಯಂತ್ರ ಇಟ್ಟರು. ನೆಲ ಒಂದು ಗಂಟೆ ಸುಮ್ಮನಿದ್ದರೆ ಜಾಗ ಪಾಸು. ಇಲ್ಲದಿದ್ದರೆ ಲ್ಯಾಬು ಬೇರೆ ಜಿಲ್ಲೆಗೆ.

ಹತ್ತನೇ ನಿಮಿಷಕ್ಕೆ ಯಂತ್ರದ ಗೆರೆ ಎಗರಿತು. ಮತ್ತೆ ಎಗರಿತು. ನೋಡಿದರೆ, ಬೇಲಿಯಾಚೆ ಹೊಲದಲ್ಲಿ ಯಜಮಾನರೊಬ್ಬರು ಹಸು ಕಟ್ಟಲು ಗೂಟ ಹೊಡೆಯುತ್ತಿದ್ದರು. ನಾನು ಓಡಿದೆ.

"ಯಜಮಾನ್ರೇ, ಒಂದು ಗಂಟೆ ಗೂಟ ಹೊಡೀಬೇಡಿ. ನೆಲ ಅಳೀತಾವ್ರೆ."

"ನಮ್ ಜಮೀನಾ?" ಅಂದರು, ಸುತ್ತಿಗೆ ಕೆಳಗಿಡದೆ.

"ನಿಮ್ದಲ್ಲ, ನಮ್ದು. ಅಲ್ಲಾಡ್ತದಾ ಅಂತ ನೋಡ್ತಾವ್ರೆ."

"ನೆಲ ಅಲ್ಲಾಡ್ತದಾ ಅಂತ ನೋಡಕ್ಕೆ ಡೆಲ್ಲಿಯಿಂದ ಬಂದವ್ರಾ?" ಅಂತ ಕೇಳಿ, ಸುತ್ತಿಗೆ ಕೆಳಗಿಟ್ಟರು. "ಆಯ್ತು ಕಣಪ್ಪ, ಹೊಡಿಯಕಿಲ್ಲ. ಆದ್ರೆ ಅಸ ಯಾರು ಇಡ್ಕತ್ತಾರೆ? ನಾನು ಡೈರಿಗೆ ಓಗ್ಬೇಕು."

ನಾನು ಯಂತ್ರದ ಮುಂದೆ ಕೂತು ನಿಮಿಷಕ್ಕೊಂದು ಅಂಕಿ ಬರೆಯಬೇಕು. ಮೇಡಂ ರಸ್ತೆಯಲ್ಲಿ ನಿಂತು ಟ್ರ್ಯಾಕ್ಟರು ತಡೆಯುತ್ತಿದ್ದರು. ಉಳಿದವರು ಒಬ್ಬರೇ. ದೆಹಲಿಯ ಆ ವಿಜ್ಞಾನಿ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ಒಂದು ಗಂಟೆ ಹಗ್ಗ ಹಿಡಿದು ನಿಂತರು. ಹಸುವೂ ಅಲ್ಲಾಡಲಿಲ್ಲ, ನೆಲವೂ ಅಲ್ಲಾಡಲಿಲ್ಲ. ಜಾಗ ಪಾಸಾಯಿತು.

ಡೈರಿಯಿಂದ ಬಂದ ಯಜಮಾನರು ಹಗ್ಗ ಇಸ್ಕೊಂಡು, ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನನ್ನು ಕೇಳಿದರು: "ಇವ್ರಿಗೆ ಕೆಲ್ಸ ಬತ್ತದೆ. ನಾಳೆನೂ ಬತ್ತಾರಾ ಕೇಳು."

೨. ಕಿಟಕಿ

ನಮ್ಮ ಲ್ಯಾಬಿನ ಜೀವ ಇರುವುದು ಕ್ಲೀನ್ ರೂಮಿನಲ್ಲಿ. ಅಲ್ಲಿ ಒಂದು ಕಣ ಧೂಳು ಬಿದ್ದರೂ ಚಿಪ್ಪು ಕೆಟ್ಟಿತು. ಹೊರಗಿನ ಗಾಳಿ ನುಸುಳಲೇಬಾರದು. ಗೋಡೆ ಎದ್ದ ಮೇಲೆ ಹೋಗಿ ನೋಡಿದರೆ ನಾಲ್ಕು ಕಿಟಕಿ ಬಿಟ್ಟಿದ್ದಾರೆ.

ಕಂಟ್ರಾಕ್ಟರು, "ಗಾಳಿ ಬೆಳಕಿಲ್ದೆ ಒಳಗೆ ಎಂಗಿರ್ತೀರಿ ಮೇಡಂ? ನಿಮ್ ಒಳ್ಳೇದಕ್ಕೇ ಇಟ್ಟಿದೀನಿ" ಅಂದರು.

ಇಂಜಿನಿಯರನ್ನು ಕರೆಸಿದೆವು. ಅವರು ನಿಧಾನಸ್ಥರು. ಸರ್ಕಾರಿ ಕಟ್ಟಡದಲ್ಲಿ ಕಿಟಕಿಯಿಲ್ಲದ ಕೋಣೆಯನ್ನು ಕೋಣೆ ಅಂತ ಬರೆಯಲು ಬರುವುದಿಲ್ಲ ಅಂದರು.

"ಮತ್ತೆ ಏನಂತ ಬರೀಬಹುದು?" ಅಂತ ಮೇಡಂ.

"ಎರಡೇ ಇರೋದು. ಉಗ್ರಾಣ, ಇಲ್ಲಾ ಸೆಪ್ಟಿಕ್ ಟ್ಯಾಂಕು. ಉಗ್ರಾಣ ಅಂದ್ರೆ ಬೆಂಗಳೂರಿಂದ ಬೇರೆ ಅನುಮತಿ ಬೇಕು. ಒಂದು ವರ್ಷ ಹಿಡಿಯುತ್ತೆ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಮಾರ್ಚ್ ಒಳಗೆ ಕಟ್ಟಡ ಮುಗಿಯದಿದ್ದರೆ ದೆಹಲಿಯ ನೆರವು ವಾಪಸು ಹೋಗುತ್ತಿತ್ತು. ಮತ್ತೆ ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ಜಿಲ್ಲೆಯಲ್ಲೇ ಅತಿ ಶುಚಿಯಾದ ನಮ್ಮ ಕೋಣೆ ಇವತ್ತಿಗೂ ನಕ್ಷೆಯಲ್ಲಿ ಸೆಪ್ಟಿಕ್ ಟ್ಯಾಂಕು.

೩. ಐದು ರೂಪಾಯಿ ನಾಣ್ಯ

ಚಿಪ್ಪು ಮಾಡುವ ಸಿಲಿಕಾನ್ ಬಿಲ್ಲೆ ತೊಳೆಯಲು ಒಂದು ನೀರು ಬೇಕು. ಸಾಮಾನ್ಯ ನೀರಲ್ಲ, ಉಪ್ಪಿಲ್ಲ, ಖನಿಜವಿಲ್ಲ, ನೀರು ಬಿಟ್ಟು ಇನ್ನೇನೂ ಇಲ್ಲದ ನೀರು. ಆ ಯಂತ್ರ ಕೂರಿಸಿ, ಹೊರಗೋಡೆಗೆ 'ಅತಿಶುದ್ಧ ನೀರಿನ ಘಟಕ' ಅಂತ ಬೋರ್ಡು ಹಾಕಿದೆವು. ಮಾರನೇ ಬೆಳಿಗ್ಗೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಪಕ್ಕದ ಹಳ್ಳಿಯ ಹೆಂಗಸೊಬ್ಬರು ಇಪ್ಪತ್ತು ಲೀಟರ್ ಕ್ಯಾನು ಪಕ್ಕಕ್ಕಿಟ್ಟು, ಐದು ರೂಪಾಯಿ ನಾಣ್ಯ ಹಿಡಿದು ಗೋಡೆ ತಡವುತ್ತಿದ್ದರು.

"ಏನವ್ವ ಹುಡುಕ್ತಿದೀಯ?"

"ಕಾಸು ಆಕೋ ತೂತು ಎಲ್ಲಪ್ಪ?"

"ಇದು ಕುಡಿಯೋ ನೀರಲ್ಲ ಕಣವ್ವ. ಬಿಲ್ಲೆ ತೊಳೆಯಕ್ಕೆ."

"ಅತಿಶುದ್ಧ ಅಂತ ಬರ್ದಿದೀರಿ?"

"ಶುದ್ಧನೇ. ಜಾಸ್ತಿ ಶುದ್ಧ ಆಗೋಗಿ ಕುಡಿಯಕ್ಕೆ ಬರಲ್ಲ."

ಆಯಮ್ಮ ಕ್ಯಾನಿನ ಮೇಲೆ ಕೂತರು. ಅವರ ಊರಿನ, ನಾಣ್ಯ ಹಾಕಿದರೆ ಕುಡಿಯುವ ನೀರು ಬಿಡುವ ಘಟಕ ಕೆಟ್ಟು ಎಂಟು ತಿಂಗಳಾಗಿತ್ತಂತೆ. ಪಂಚಾಯಿತಿಗೆ ಹೇಳಿ ಹೇಳಿ ಸಾಕಾಗಿತ್ತಂತೆ. ನಾನು ಒಳಗಿನ ಕುಡಿಯುವ ನೀರಿನ ನಲ್ಲಿಯಿಂದ ಕ್ಯಾನು ತುಂಬಿಸಿ, ಬೈಕಿನವನೊಬ್ಬನನ್ನು ನಿಲ್ಲಿಸಿ ಆಯಮ್ಮನನ್ನು ಹಿಂದೆ ಕೂರಿಸಿದೆ. ಹೊರಡುವಾಗ ಆಯಮ್ಮ ಕೇಳಿದರು: "ಇಂಥ ನೀರು ಸಿಗಕ್ಕೆ ಆ ಬಿಲ್ಲೆ ಯಾವ ಪಾರ್ಟಿದಪ್ಪ? ನಾವೂ ಅದ್ಕೇ ಸೇರ್ಕತ್ತೀವಿ."

೪. ಉದ್ಘಾಟನೆ

ಕೊನೆಗೂ ಉದ್ಘಾಟನೆಗೆ ದೊಡ್ಡವರೊಬ್ಬರು ಬಂದರು. ಒಳಗೆ ಕಾಯಿ, ಕರ್ಪೂರ ಯಾವುದೂ ಬೇಡ ಅಂತ ಮೇಡಂ ಕೈಮುಗಿದು ಕೇಳಿಕೊಂಡಿದ್ದರು. ಒಂದು ಸ್ವಿಚ್ಚು ಒತ್ತಿದರೆ ಮುಗಿಯಿತು. ಒಳಗೆ ಹೋಗುವವರೆಲ್ಲ ಬಿಳಿ ಉಡುಪು ಹಾಕಿಕೊಳ್ಳಲೇಬೇಕು. ಕಾಲಿಂದ ತಲೆವರೆಗೆ ಒಂದೇ ಚೀಲ, ಮೇಲೆ ಮಾಸ್ಕು, ಕೈಗವಸು. ಕಾಣುವುದು ಕಣ್ಣು ಮಾತ್ರ. ಬಂದಿದ್ದ ಎಂಟು ಉಡುಪೂ ಒಂದೇ ಅಳತೆ.

ಸ್ವಿಚ್ಚು ಎಲ್ಲಿದೆ ಅಂತ ತೋರಿಸಲು ನನ್ನನ್ನೂ ಕರೆದುಕೊಂಡರು. ಒಳಗೆ ಎಂಟು ಜನ ನಿಂತ ಮೇಲೆ ಯಾರು ಯಾರು ಅಂತ ಯಾರಿಗೂ ಗೊತ್ತಾಗಲಿಲ್ಲ. ದೊಡ್ಡವರ ಪಿ.ಎ. ನನ್ನ ತೋಳು ಹಿಡಿದು, "ಬನ್ನಿ ಸಾ, ಮಧ್ಯಕ್ಕೆ ಬನ್ನಿ" ಅಂದ. ನಾನಲ್ಲ ಅಂದೆ. ಮಾಸ್ಕಿನೊಳಗೆ ಅದು ಹೂಂ ಅಂದಂತೆ ಕೇಳಿಸಿತು. ಅತ್ತ ಕಡೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ನಿಂತಿದ್ದ ಬಿಳಿ ಉಡುಪಿಗೆ, "ಫೋಟೋಗೆ ಅಡ್ಡ ಬರ್ತಿದೀಯ, ಗೋಡೆ ಕಡೆ ಸರ್ಕೊಳಯ್ಯ" ಅಂದರು. ಆ ಉಡುಪು ಸರಿದು ನಿಂತಿತು. ಆ ಉಡುಪಿನೊಳಗಿದ್ದ ದೊಡ್ಡವರು ಅದೂ ಈ ಕೋಣೆಯ ನಿಯಮ ಅಂದುಕೊಂಡರಂತೆ.

"ಒತ್ತಿ ಸಾ" ಅಂದ ಪಿ.ಎ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒತ್ತಿದೆ. ಕೈಗವಸಿನ ಚಪ್ಪಾಳೆ ದಪದಪ ಅಂತ ಬಿತ್ತು.

ಹೊರಗೆ ಬಂದು ಉಡುಪು ಕಳಚಿದ ಮೇಲೆ ದೊಡ್ಡವರು ಫೋಟೋ ಕೇಳಿದರು. "ಇದ್ರಲ್ಲಿ ನಾನ್ಯಾವುದು?"

ಅವರನ್ನು ಗೋಡೆ ಕಡೆ ಸರಿಸಿದ್ದ ಅಧಿಕಾರಿ ಆಗಲೇ ಕಾರಿನ ಹತ್ತಿರ ಇದ್ದರು. ಪಿ.ಎ., "ಮಧ್ಯದಲ್ಲಿರೋರು, ಸ್ವಿಚ್ಚು ಒತ್ತುತ್ತಿರೋರು ತಾವೇ ಸಾ" ಅಂದ. ಮೇಡಂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ದೊಡ್ಡವರು, ತಾವು ಗೋಡೆ ಕಡೆ ನಿಂತಿದ್ದ ಮಾತು ಎತ್ತದೆ, ಫೋಟೋ ಹಿಗ್ಗಿಸಿ ನನ್ನ ಕಣ್ಣನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಎಷ್ಟು ಸುಸ್ತಾಗಿದೀನಿ ನೋಡ್ರೀ. ನಂಗೇ ಗೊತ್ತಾಗಿರ್ಲಿಲ್ಲ. ನಾಳೆ, ನಾಳಿದ್ದು ಯಾವ ಕಾರ್ಯಕ್ರಮನೂ ಬೇಡ."

ನನ್ನ ಸುಸ್ತಿಗೆ ಅವರಿಗೆ ಎರಡು ದಿನ ರಜೆ ಸಿಕ್ಕಿತು.